ಸ್ಕೋಪ್ ಮೌಂಟ್: ಬಂದೂಕಿಗೆ ದುರ್ಬೀನು ಕೂರಿಸುವ ಕಸುಬು

ಬಂದೂಕಿನ ಮೈಯನ್ನೂ ಅದರ ಮೇಲಿನ ದುರ್ಬೀನನ್ನೂ ಜೋಡಿಸುವ ಲೋಹದ ಕಟ್ಟಿಗೆ ಮೌಂಟ್ ಎನ್ನುತ್ತಾರೆ. ಸ್ಕ್ರೂಗಳಿಂದ ಬಿಗಿಯುವ ಅಡಿಪಟ್ಟಿ, ಸ್ಕೋಪಿನ ಕೊಳವೆಯನ್ನು ತಬ್ಬಿ ಹಿಡಿಯುವ ಎರಡು ರಿಂಗು, ಇಷ್ಟೇ ಅದರ ಸಂಸಾರ. ಗಾಜಿಗೆ ಹಣ ಸುರಿದು ಮೌಂಟಿನಲ್ಲಿ ಜಿಪುಣತನ ತೋರುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿದರೆ ಅದು ದುಬಾರಿ ಉಳಿತಾಯ: ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದು ಅವುಗಳಲ್ಲೊಂದು ಬರೀ 0.1 ಮಿ.ಮೀ. ಪಕ್ಕಕ್ಕೆ ಸರಿದರೂ, 100 ಮೀಟರ್ ದೂರದಲ್ಲಿ ಗುರಿ 10 ಸೆಂ.ಮೀ. ತಪ್ಪುತ್ತದೆ.

ಅಂಗಡಿಯ ಸಿದ್ಧ ಮೌಂಟುಗಳಿಗೆ ಅಳತೆಗಳು ಗೊತ್ತಾಗಿವೆ. ಕೊಳವೆ ಸಾಮಾನ್ಯವಾಗಿ 25.4 ಅಥವಾ 30 ಮಿ.ಮೀ. ವ್ಯಾಸದ್ದು. ಅಮೆರಿಕದ ಸೇನೆ 1995ರಲ್ಲಿ ಒಪ್ಪಿಕೊಂಡ ಪಿಕಟಿನ್ನಿ ಪಟ್ಟಿಯಲ್ಲಿ 5.23 ಮಿ.ಮೀ. ಅಗಲದ ಅಡ್ಡತೋಡುಗಳು ಸುಮಾರು 10 ಮಿ.ಮೀ.ಗೊಂದರಂತೆ ಬರುತ್ತವೆ. ಅನೇಕ .22 ರೈಫಲುಗಳಿಗೂ ಏರ್‌ಗನ್ನುಗಳಿಗೂ ಮೈಮೇಲೆಯೇ ಕೊರೆದ ಸಣ್ಣ ತೋಡುಗಳಿರುವುದರಿಂದ ತೂತು ಹಾಕುವ ತಾಪತ್ರಯವಿಲ್ಲ. ತೊಡಕು ಹುಟ್ಟುವುದು ಹಳೆಯ ಬಂದೂಕುಗಳಲ್ಲಿ. ಭಾರತದಲ್ಲಿ ಲೈಸೆನ್ಸಿನ ಮೇಲಿರುವ ರೈಫಲುಗಳಲ್ಲಿ ಹಳೆಯವು ಕಡಿಮೆಯೇನಲ್ಲ.

ಪಶ್ಚಿಮ ಬಂಗಾಳದ ಇಚ್ಛಾಪುರ ಕಾರ್ಖಾನೆಯ .315 ರೈಫಲನ್ನೇ ನೋಡಿ. ಬ್ರಿಟಿಷ್ ಸರ್ಕಾರ ಸೇನೆಯ .303 ತೋಟಾವನ್ನು ನಾಗರಿಕರಿಗೆ ಕೊಡಲು ಒಪ್ಪದಿದ್ದುದರಿಂದ ಈ ಬೋರು ಇಲ್ಲಿ ನೆಲೆಯೂರಿತು. ಒಡಲು ಮಾತ್ರ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ವಂಶದ್ದೇ. ತೋಟಾ ತುಂಬುವುದು ಮೇಲಿನಿಂದ. ನೆತ್ತಿಯ ಮೇಲೆ ಉದ್ದದ ಪಟ್ಟಿ ಹಾಸಿದರೆ ಆ ಬಾಯಿಗೇ ಮುಚ್ಚಳವಾಗುತ್ತದೆ.

ಇದಕ್ಕೆ ಪರಿಹಾರ ಎರಡನೇ ಮಹಾಯುದ್ಧದ ಕಾಲದಲ್ಲೇ ಸಿಕ್ಕಿತ್ತು. 1942ರಿಂದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಅದೇ ವಂಶದ ನಂ. 4 ರೈಫಲುಗಳ ಎಡಮಗ್ಗುಲಿಗೆ ಎರಡು ಉಕ್ಕಿನ ದಿಮ್ಮಿಗಳನ್ನು ಸ್ಕ್ರೂ ಹಾಕಿ, ಬೆಸೆದು, ಅವುಗಳಿಗೆ ಬ್ರಾಕೆಟನ್ನು ಹೆಬ್ಬೆರಳಿನಿಂದ ತಿರುಗಿಸುವ ಎರಡು ಸ್ಕ್ರೂಗಳಿಂದ ಕೂರಿಸಿತು. ಸ್ಕೋಪು ಎತ್ತರಕ್ಕೆ ಹೋದುದರಿಂದ ಕೆನ್ನೆಗೆ ಆಸರೆಯಾಗಿ ಮರದ ಹಿಡಿಯ ಮೇಲೆ ಇನ್ನೊಂದು ಮರದ ತುಂಡು ಬಂತು. ಒಂದು ರೈಫಲಿನ ಸ್ಕೋಪು ಇನ್ನೊಂದಕ್ಕೆ ಹೋಗಬಾರದೆಂದು ಸ್ಕೋಪಿನ ಸಂಖ್ಯೆಯನ್ನು ಆ ಹಿಡಿಯ ಮೇಲೇ ಒತ್ತುತ್ತಿದ್ದರು. ಅಳತೆ ಕೊಟ್ಟು ಮಾಡಿಸುವ ಮೌಂಟಿನ ಪಾಠವೆಲ್ಲ ಈ ಒಂದು ಬಂದೂಕಿನಲ್ಲಿ ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಬೇಟೆಗಾರ ಕೆನೆತ್ ಆಂಡರ್ಸನ್ನರ (1910–1974) ಕಥೆಗಳಲ್ಲಿ ದುರ್ಬೀನಿನ ಸುದ್ದಿ ಹುಡುಕುವುದು ವ್ಯರ್ಥ. ಅವರ .405 ವಿಂಚೆಸ್ಟರ್ ಖಾಲಿ ತೋಟಾವನ್ನು ಮೇಲಕ್ಕೇ ಚಿಮ್ಮಿಸುವ ಬಂದೂಕು; ನೆತ್ತಿಯ ಮೇಲೆ ಸ್ಕೋಪು ಕೂತರೆ ಅದಕ್ಕೆ ಅಡ್ಡಿ. ರಾತ್ರಿ ಮಚಾನಿನಲ್ಲಿ ಕೂರುವಾಗ ಅವರು ಬಂದೂಕಿಗೆ ಟಾರ್ಚು ಬಿಗಿಯುತ್ತಿದ್ದರು. ಅದೂ ಒಂದು ಬಗೆಯ ಮೌಂಟೇ.

ಮೌಂಟನ್ನು ಹೊಸದಾಗಿ ಮಾಡುವಾಗ ಮೊದಲ ಕೆಲಸ ಅಳತೆ. ಬಂದೂಕಿನ ನೆತ್ತಿ ಚಪ್ಪಟೆಯಲ್ಲ. ಅದರ ಬಾಗಿಗೆ ಸರಿಯಾಗಿ ಪಟ್ಟಿಯ ತಳವನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆಯಬೇಕು. ಬಳಿಕ ಬಂದೂಕಿನ ಮೈಗೆ ತೆಳುವಾಗಿ ನೀಲಿ ಬಣ್ಣ ಸವರಿ ಪಟ್ಟಿಯನ್ನು ಒತ್ತಿ ನೋಡುತ್ತಾರೆ. ಬಣ್ಣ ತಾಗಿದ ಉಬ್ಬನ್ನು ಅರದಿಂದ ಉಜ್ಜಿ, ತಳದ ತುಂಬ ಬಣ್ಣ ಹತ್ತುವವರೆಗೆ ಮತ್ತೆ ಮತ್ತೆ ಒತ್ತುತ್ತಾರೆ. ತಾಳ್ಮೆಗೆಟ್ಟವರು ಸಂದಿಗೆ ತಗಡಿನ ಚೂರು ತುರುಕುತ್ತಾರೆ. ನಾಲ್ಕು ಗುಂಡು ಹಾರುವಷ್ಟರಲ್ಲಿ ಅದರ ಬಣ್ಣ ಬಯಲಾಗುತ್ತದೆ. ಸ್ಕ್ರೂಗಳು ಸಾಮಾನ್ಯವಾಗಿ 3.5 ಮಿ.ಮೀ. ದಪ್ಪದವು, ಅಂಗುಲಕ್ಕೆ 48 ಸುತ್ತು. ತೂತುಗಳು ನಳಿಗೆಯ ಮಧ್ಯರೇಖೆಗೆ ನೇರವಿರಬೇಕು. ತೋಟಾ ಕೂರುವ ಗೂಡಿನ ಗೋಡೆಯನ್ನು ಡ್ರಿಲ್ ಕೊರೆದರಂತೂ ಬಂದೂಕು ಹೊಡೆಯುವವನಿಗೇ ಅಪಾಯ.

ಕೂರಿಸುವಾಗ ಎಣ್ಣೆಯನ್ನು ಪೂರಾ ಒರೆಸಿ, ಸ್ಕ್ರೂಗಳಿಗೆ ಸಡಿಲಾಗದಂತೆ ಅಂಟು ಸವರುತ್ತಾರೆ. ಕಣ್ಣಿಗೂ ಸ್ಕೋಪಿಗೂ 75ರಿಂದ 100 ಮಿ.ಮೀ. ಅಂತರ ಬೇಕು, ಕಡಿಮೆಯಾದರೆ ಬಂದೂಕು ಒದ್ದಾಗ ಹುಬ್ಬು ಸೀಳುತ್ತದೆ. ಒಳಗಿನ ಲಂಬ ಗೆರೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಯ ತೂಗುಗುಂಡು ಸಾಕು. ರಿಂಗಿನ ಸ್ಕ್ರೂಗಳನ್ನು ಸುಮಾರು 2 ನ್ಯೂಟನ್-ಮೀಟರಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಕೊಳವೆ ನಗ್ಗುತ್ತದೆ. ಆಮೇಲಿನ ತಿದ್ದುಪಡಿ ಸ್ಕೋಪಿನ ಗುಂಡಿಯದು. ಕೋನದ ಕಾಲು ಮಿನಿಟಿನ ಒಂದು ಟಿಕ್ಕಿಗೆ 100 ಮೀಟರಿನಲ್ಲಿ ಗುರಿ 7 ಮಿ.ಮೀ. ಜರಗುತ್ತದೆ.

ಎಲ್ಲ ಬಂದೂಕಿಗೂ ಸ್ಕೋಪು, ಮೌಂಟು ಬೇಕಿಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ ಕೋವಿಗಳಲ್ಲಿ 12 ಬೋರಿನವು ಬಹಳ. ಚರ್ರೆ ಚದುರಿ ಹೋಗುವ ಆ ಕೋವಿಯ ಪಲ್ಲ 40 ಮೀಟರಿನ ಆಸುಪಾಸು. ನಳಿಗೆಯ ತುದಿಯ ಮಣಿಯೇ ಸಾಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಬೀದರಿಗೆ ಅಂಟಿಕೊಂಡ ಮಹಾರಾಷ್ಟ್ರ ಗಡಿನಾಡಿನ ದೇವಣಿ ಸೀಮೆಯಲ್ಲಿ ಅಂಥ ವಿನಾಯಿತಿಯಿಲ್ಲ. ಅಲ್ಲಿ ಬಂದೂಕು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ರಿಪೇರಿ, ಮಾರ್ಪಾಡನ್ನು ಕಸುಬಾಗಿ ಮಾಡುವವನಿಗೆ ಅದೇ ಕಾಯ್ದೆಯ 5ನೇ ಕಲಮಿನಡಿ ಬೇರೆಯೇ ಲೈಸೆನ್ಸ್; ಊರಿನ ಲೇತ್ ಅಂಗಡಿಯಲ್ಲಿ ಸುಮ್ಮನೆ ತೂತು ಹಾಕಿಸುವಂತಿಲ್ಲ. ಹವ್ಯಾಸದ ಶಿಕಾರಿಗೆ 1972ರ ವನ್ಯಜೀವಿ ಕಾಯ್ದೆ ತೆರೆ ಎಳೆದಿದೆ. ಬೆಳೆಗೆ ನುಗ್ಗುವ ಹಂದಿಯನ್ನು ಕೊಲ್ಲಲು ಆ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.