ಚರಗ ಮತ್ತು ಬ್ಲೋತ್: ನಡುಚಳಿಯ ಎರಡು ಆರಾಧನಾ ಪದಗಳು

ಬನಹಟ್ಟಿ, ಜಮಖಂಡಿ, ಮುಧೋಳ ಸೀಮೆಯ ಆಡುನುಡಿಯಲ್ಲಿ ‘ಚರಗ’ ಎಂಬ ಪದವು ಒಂಟಿಯಾಗಿ ಕೇಳಿಬರುವುದು ವಿರಳ. ‘ಚೆಲ್ಲು’ ಎಂಬ ಕ್ರಿಯಾಪದವನ್ನು ಕರೆದುಕೊಂಡೇ ಅದು ಬರುತ್ತದೆ. ಮಾರ್ಗಶಿರ ಬಹುಳದ ಕೊನೆಯ ದಿನವಾದ ಎಳ್ಳಮಾಸಿಯಂದು ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಪಲ್ಲೆಗಳ ಎಡೆಯನ್ನು ಬೆಳೆಯ ಸುತ್ತ ಚೆಲ್ಲಿ ಬಂದ ಮೇಲೆಯೇ ಊಟಕ್ಕೆ ಕೂಡುವುದು.

ಈ ಹಬ್ಬವನ್ನು ಸೂರ್ಯಾರಾಧನೆಯೆಂದು ವಿವರಿಸುವವರುಂಟು. ನಾವು ಒಪ್ಪಲಾರೆವು. 2022ರಲ್ಲಿ ಅದು ಡಿಸೆಂಬರ್ 23ರಂದು, ದಕ್ಷಿಣಾಯನಾಂತ್ಯದ ಮರುದಿನವೇ ಬಂದಿತ್ತು; ಮುಂದಿನದು 2024ರ ಜನವರಿ 11ಕ್ಕೆ ಸರಿಯಿತು. ತಿಥಿ ಹೀಗೆ ಹಿಂದೆಮುಂದೆ ಸರಿದರೂ ಸರಿಯದೆ ನಿಲ್ಲುವುದು ಹೊಲದ ಸ್ಥಿತಿ: ಹಿಂಗಾರಿ ಬಿಳಿಜೋಳ ಕಾಳುಗಟ್ಟುವ ಹೊತ್ತು ಅದು. ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಕಲ್ಪನೆ ಈ ಸ್ಥಿತಿಯಿಂದಲೇ ಹುಟ್ಟಿದೆ.

ಚರಗವನ್ನು ಸಂಸ್ಕೃತದ ‘ಚರು’ವಿಗೆ ಜೋಡಿಸುವತ್ತ ನಮ್ಮ ಒಲವು. ಚರು ಎಂದರೆ ಹವಿಸ್ಸನ್ನು ಬೇಯಿಸುವ ಪಾತ್ರೆ. ಆ ಪಾತ್ರೆಯ ಅನ್ನವೂ ಅದೇ. ಆದರೆ ಹೆಸರು ಯಜ್ಞದ್ದಾದರೆ ಕೆಲಸ ಒಕ್ಕಲಿಗನದು. ಚರುವನ್ನು ಬೆಂಕಿಗೆ ಹಾಕುತ್ತಾರೆ, ಚರಗವನ್ನು ಮಣ್ಣಿಗೆ ಚೆಲ್ಲುತ್ತಾರೆ. ಈ ವ್ಯತ್ಯಾಸವನ್ನು ಹೊತ್ತು ನಿಂತಿರುವುದು ಆ ಅಚ್ಚಗನ್ನಡದ ಕ್ರಿಯಾಪದ.

ಇದರ ಎದುರಿಗೆ ಐಸ್‌ಲ್ಯಾಂಡಿನ ನಡುಚಳಿಯ ಹಬ್ಬವಾದ ಥೋರಬ್ಲೋತನ್ನು ಇಟ್ಟು ನೋಡಬಹುದು. ಅಲ್ಲಿ ಥೋರಿ ಎಂಬುದು ಜನವರಿ 19 ಮತ್ತು 25ರ ನಡುವಣ ಶುಕ್ರವಾರದಂದು ಆರಂಭವಾಗುವ ಹಳೆಯ ಪಂಚಾಂಗದ ತಿಂಗಳು. ‘ಬ್ಲೋತ್’ ಎಂದರೆ ಬಲಿ. ರಕ್ತವಾಚಕ ಪದದೊಡನೆ ಅದನ್ನು ತಳುಕು ಹಾಕುವ ಆಸೆ ಸಹಜವೇ. ಆದರೆ ನಾಲ್ಕನೆಯ ಶತಮಾನದ ಗೋಥಿಕ್ ಬೈಬಲಿನಲ್ಲಿ ಇದರ ಜ್ಞಾತಿಪದಕ್ಕೆ ದೇವರನ್ನು ಆರಾಧಿಸು ಎಂಬುದೇ ಅರ್ಥ. ಹದಿನಾಲ್ಕನೆಯ ಶತಮಾನದ ಫ್ಲಾಟೆಯ್‌ಯಾರ್ಬೋಕ್ ಹಸ್ತಪ್ರತಿಯಲ್ಲಿ ಥೋರಿ ಒಬ್ಬ ಅರಸ. ಹಿಮ ಚೆನ್ನಾಗಿ ಬೀಳಲೆಂದು ಕ್ವೆನ್ ಜನ ನಡುಚಳಿಯಲ್ಲಿ ಅವನಿಗೆ ಬಲಿಯರ್ಪಿಸುತ್ತಿದ್ದರು. ಹಿಮವೇ ಅವರ ಸುಗ್ಗಿ ಎನ್ನುತ್ತದೆ ಆ ಕಥನ. ನಮ್ಮ ಸೀಮೆಯ ಒಕ್ಕಲಿಗನಿಗೆ ಈ ಮಾತು ಪರಕೀಯವೆನಿಸದು.

ಆದರೆ ಇಂದಿನ ಥೋರಬ್ಲೋತ್ ಅಖಂಡವಾಗಿ ಹರಿದುಬಂದದ್ದಲ್ಲ. ಕ್ರಿ.ಶ. 1000ದ ಸುಮಾರಿಗೆ ದ್ವೀಪವು ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಬಲಿ ನಿಷಿದ್ಧವಾಯಿತು. 1873ರಲ್ಲಿ ಕೋಪನ್‌ಹೇಗನ್ನಿನಲ್ಲಿದ್ದ ಐಸ್‌ಲ್ಯಾಂಡಿನ ವಿದ್ಯಾರ್ಥಿಗಳು, ಡೆನ್ಮಾರ್ಕಿನ ಆಳ್ವಿಕೆಯ ಕಾಲದಲ್ಲಿ, ಹಳೆಯ ಬರೆಹಗಳಿಂದ ಆ ಪದವನ್ನು ಎತ್ತಿಕೊಂಡು ಹೊಸ ಔತಣಕ್ಕೆ ಇಟ್ಟರು. ಪದ ಪುಸ್ತಕದಲ್ಲಿ ಉಳಿದಿತ್ತು, ಆಚರಣೆ ಆಮೇಲೆ ಬಂತು.

ಎಳ್ಳಮಾಸಿಗೆ ಅಂಥ ಪುಸ್ತಕದ ಆಸರೆಯಿಲ್ಲ. ಕೃಷ್ಣಾ, ಘಟಪ್ರಭೆಗಳ ನೀರಾವರಿಯೊಡನೆ ಇಲ್ಲಿನ ಎಷ್ಟೋ ಎರೆಹೊಲಗಳು ಜೋಳವನ್ನು ಬಿಟ್ಟು ಕಬ್ಬಿಗೆ ಹೊರಳಿವೆ. ಕಬ್ಬು ಕಾಳುಗಟ್ಟುವ ಬೆಳೆಯಲ್ಲ; ಬಸುರಿ ಭೂಮಿಯ ರೂಪಕಕ್ಕೆ ಅದು ಒದಗುವುದಿಲ್ಲ. ಚರಗವನ್ನು ‘ನೈವೇದ್ಯ’ ಎಂಬ ಒಂದೇ ಅರ್ಥದೊಡನೆ ಕೋಶಕ್ಕೆ ಸೇರಿಸಿದರೆ ಚೆಲ್ಲುವ ಕೈಯೂ ಜೋಳದ ತೆನೆಯೂ ಹೊರಗುಳಿಯುತ್ತವೆ. ಯಾವ ತಿಥಿಗೆ, ಯಾವ ಬೆಳೆಯಲ್ಲಿ, ಯಾವ ಕ್ರಿಯಾಪದದೊಡನೆ ಎಂಬುದನ್ನು ಊರೂರಿನಲ್ಲಿ ಕೇಳಿ ಬರೆದುಕೊಳ್ಳುವ ಕೆಲಸವನ್ನು ಜೋಳದ ಹೊಲಗಳು ಇನ್ನೂ ಉಳಿದಿರುವ ಮಡ್ಡಿಯ ಹಳ್ಳಿಗಳಿಂದ ಮೊದಲು ಮಾಡಬೇಕು.