ಹಾಲೂಡುವ ಬಿಡುವು: ಹಾವೇರಿ ಸೀಮೆಯ ದುಡಿಮೆಯ ಹಿನ್ನೆಲೆಯಲ್ಲಿ

ಹೆರಿಗೆಯ ತರುವಾಯ ಕೆಲಸಕ್ಕೆ ಮರಳಿದ ತಾಯಿ ಕೂಸಿಗೆ ಮೊಲೆಯೂಡುವುದನ್ನು ಹೇಗೆ ಮುಂದುವರಿಸಬೇಕು ಎಂಬುದನ್ನು ಮನೆವಾರ್ತೆಯ ಮಾತೆಂದು ಬದಿಗಿರಿಸುವುದು ವಾಡಿಕೆ. ಆದರೆ ಇದು ಶಾಸನಕ್ಕೂ ಕೂಲಿಯ ಲೆಕ್ಕಕ್ಕೂ ಸೇರಿದ ವಿಷಯವೆಂದು ನಾವು ಭಾವಿಸುತ್ತೇವೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಬಯಿ ಪ್ರಾಂತದಲ್ಲಿ 1929ರಲ್ಲಿಯೇ ಹೆರಿಗೆ ಸೌಲಭ್ಯದ ಕಾಯಿದೆಯಾಯಿತು. ಅದು ಕಣ್ಣಿಟ್ಟುದು ಕಾರ್ಖಾನೆಯ ಹೆಂಗಸಿನ ಮೇಲೆ, ಹೊಲದವಳ ಮೇಲಲ್ಲ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ಅಫೀಮು ಕೊಟ್ಟು ಮಲಗಿಸಿ ಹೋಗುತ್ತಿದ್ದರೆಂಬುದು ಆ ಕಾಲದ ವರದಿಗಳಿಂದ ತಿಳಿದುಬರುತ್ತದೆ. 1948ರ ಕಾರ್ಖಾನೆ ಕಾಯಿದೆಯು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನೆಯ ಕೋಣೆ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವುಗಳನ್ನು ಕೊಟ್ಟು, ಅದಕ್ಕಾಗಿ ಕೂಲಿ ಕಡಿಯಕೂಡದೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಎರಡು ಬಿಡುವುಗಳನ್ನು ಉಳಿಸಿಕೊಂಡಿದೆ.

ಹಾವೇರಿಯ ಕಚೇರಿಯಲ್ಲಿ ಕುಳಿತವಳಿಗೆ ಈ ಮಾತು ಅನ್ವಯಿಸೀತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು, ಅಲ್ಲಿಯವರ ಮಾತಿನಲ್ಲಿ ತುಂಬು, ಬಿಡಿಸುವವಳ ಸ್ಥಿತಿಯೇ ಬೇರೆ. ಅವಳ ಕೂಲಿ ತೂಕದ ಮೇಲೆ. ಬಿಡುವಿಗಾಗಿ ಯಾರೂ ಕೂಲಿ ಕಡಿಯುವುದಿಲ್ಲ, ನಿಜ. ಬಿಡಿಸದ ಕಾಯಿಯನ್ನು ಯಾರೂ ತೂಗುವುದೂ ಇಲ್ಲ. ಹಾಲೂಡಿದ ಹೊತ್ತಿನ ಬೆಲೆಯನ್ನು ತೆರುವವಳು ತಾಯಿಯೇ. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದುದು, ಖಾರ ಕಡಮೆ. ಆದರೂ ಆ ಕೈಯಲ್ಲಿ ಕೂಸನ್ನು ಮುಟ್ಟುವಂತಿಲ್ಲ. ಕೈ ತೊಳೆಯುವ ಹೊತ್ತೂ ಅವಳ ಲೆಕ್ಕಕ್ಕೇ.

ರಾಣೆಬೆನ್ನೂರಿನ ಬೀಜೋತ್ಪಾದನೆಯಲ್ಲಿ ತೊಡಕು ಇನ್ನೊಂದು ಬಗೆಯದು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿಯ ಬಳಿಕ ಸಂಕರ ಬೀಜದ ಕೆಲಸ ಈ ಸೀಮೆಯಲ್ಲಿ ಬೆಳೆಯಿತು. ಹತ್ತಿಯಲ್ಲಿ ಮಧ್ಯಾಹ್ನದ ಮೇಲೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಪರಾಗ ಸೋಂಕಿಸಬೇಕು. ಕೂಲಿಯವರು ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಹೂವಿನ ಹೊತ್ತು ಕೂಸಿನ ಹಸಿವಿಗಾಗಿ ಕಾಯದು.

ಹೀಗಾಗಿ ಹೊಲದ ಬದುವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟುವ ಹಳೆಯ ಪದ್ಧತಿಯೇ ಬಹುಕಾಲ ಶಾಸನದ ಕೆಲಸವನ್ನು ಮಾಡಿತು. ಅದನ್ನು ತೂಗುವವಳು ಹಲವು ಸಲ ಹಿರಿಯ ಮಗಳು. ಆ ದಿನ ಅವಳ ಶಾಲೆ ತಪ್ಪುತ್ತದೆ ಎಂಬುದನ್ನು ಜೋಳಿಗೆಯನ್ನು ಹೊಗಳುವವರು ನೆನೆಯುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆಯು ಐವರು ಚಿಕ್ಕ ಮಕ್ಕಳಿದ್ದಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತು. ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಸಾರಿತು. ಮೆಣಸಿನಕಾಯಿಯ ಕಣಕ್ಕೂ ಬೀಜದ ಹೊಲಕ್ಕೂ ಅಂಥ ಮನೆಯನ್ನು ಯಾರು ಕಟ್ಟಬೇಕು, ವ್ಯಾಪಾರಿಯೋ ಬೀಜದ ಕಂಪನಿಯೋ ಪಂಚಾಯತಿಯೋ ಎಂಬುದು ಇನ್ನೂ ಇತ್ಯರ್ಥವಾಗಬೇಕಾಗಿದೆ.