ಅಂಗೈಯಗಲದ ಅರವತ್ತನಾಲ್ಕು ಮನೆ

1997ರ ಮೇ ತಿಂಗಳಲ್ಲಿ ಗ್ಯಾರಿ ಕ್ಯಾಸ್ಪರೋವ್ ಐಬಿಎಂನ ಡೀಪ್ ಬ್ಲೂ ಯಂತ್ರಕ್ಕೆ ಸೋತದ್ದು ಲೋಕಕ್ಕೆಲ್ಲ ಗೊತ್ತು. ಹನ್ನೆರಡು ವರ್ಷಗಳ ತರುವಾಯ ಬ್ಯೂನಸ್ ಐರಿಸ್‌ನಲ್ಲಿ ನಡೆದುದನ್ನು ನೆನೆಯುವವರು ವಿರಳ. 2009ರ ಆಗಸ್ಟ್‌ನಲ್ಲಿ ಅಲ್ಲಿನ ಮೆರ್ಕೊಸೂರ್ ಕಪ್ ಪಂದ್ಯಾವಳಿಯಲ್ಲಿ ‘ಪಾಕೆಟ್ ಫ್ರಿಟ್ಜ್ 4’ ಎಂಬ ತಂತ್ರಾಂಶ ಹತ್ತು ಆಟಗಳಲ್ಲಿ ಒಂಬತ್ತನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡಿತು. ಅದು ನೆಲೆಸಿದ್ದು ಎಚ್‌ಟಿಸಿಯ ಒಂದು ಫೋನಿನಲ್ಲಿ. ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಈ ಫೋನು 20 ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಎದುರಾಳಿಗಳು ಕ್ಯಾಸ್ಪರೋವ್‌ಗೆ ಸಮನಾದವರಲ್ಲ, ನಿಜ. ಆದರೂ ಹತ್ತು ಸಾವಿರ ಪಟ್ಟಿನ ಈ ಅಂತರ ಯೋಚನೆಗೆ ಹಚ್ಚುತ್ತದೆ.

ಯಂತ್ರ ಚದುರಂಗದ ಚರಿತ್ರೆಯನ್ನು ನಾವು ಬಲದ ಕಥೆಯಾಗಿಯೇ ಕೇಳಿದ್ದೇವೆ. ನನಗೆ ಅದರ ಬಡತನದ ಕಥೆ ಹೆಚ್ಚು ಸ್ವಾರಸ್ಯಕರವಾಗಿ ತೋರುತ್ತದೆ. 1976ರಲ್ಲಿ ಪೀಟರ್ ಜೆನ್ನಿಂಗ್ಸ್ ‘ಮೈಕ್ರೋಚೆಸ್’ ಬರೆದಾಗ ಅವರ ಕಿಮ್-1 ಗಣಕದಲ್ಲಿದ್ದದ್ದು ಸುಮಾರು ಒಂದು ಕಿಲೋಬೈಟ್ ಸ್ಮರಣೆ. ಮಣೆಯನ್ನು ತೋರಿಸಲು ಪರದೆ ಸಹ ಇರಲಿಲ್ಲ, ಆರು ಅಂಕಿಗಳ ಕೆಂಪು ದೀಪಗಳಷ್ಟೇ.

ಈ ಬಡತನದಲ್ಲಿ ಪಳಗಿದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಲ್ಯಾಂಗ್ ಮುಖ್ಯರು. ಎಂಬತ್ತರ ದಶಕದಲ್ಲಿ ‘ಮೆಫಿಸ್ಟೊ’ ಮೇಜಿನ ಯಂತ್ರಗಳಿಗಾಗಿ ಮೊಟೊರೋಲಾ 68000 ಚಿಪ್ ಮೇಲೆ ಅವರು ಬರೆದ ತಂತ್ರಾಂಶಗಳು ವಿಶ್ವ ಮೈಕ್ರೋಕಂಪ್ಯೂಟರ್ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದವು. 1994ರ ಲಂಡನ್ ಪಂದ್ಯಾವಳಿಯಲ್ಲಿ, ಪೆಂಟಿಯಂ ಗಣಕದ ಮೇಲೆ, ಅವರ ‘ಚೆಸ್ ಜೀನಿಯಸ್’ ಕ್ಷಿಪ್ರ ಆಟದಲ್ಲಿ ಕ್ಯಾಸ್ಪರೋವ್‌ರನ್ನೇ ಹೊರದೂಡಿತು. ಅದನ್ನು ಉಪಾಂತ್ಯದಲ್ಲಿ ಎರಡೂ ಆಟ ಗೆದ್ದು ತಡೆದವರು ನಮ್ಮ ವಿಶ್ವನಾಥನ್ ಆನಂದ್. ಚೆನ್ನೈನ ಗೆಳೆಯರು ಈ ಮಾತನ್ನು ಆಗಾಗ ನೆನಪಿಸುತ್ತಲೇ ಇರುತ್ತಾರೆ, ಇರಲಿ.

ಅದೇ ಚೆಸ್ ಜೀನಿಯಸ್ ಮುಂದೆ ಪಾಮ್ ಎಂಬ ಅಂಗೈ ಗಣಕಕ್ಕೆ ವಲಸೆ ಹೋಯಿತು. 1996ರ ಮೊದಲ ಪಾಮ್ ಪೈಲಟ್‌ನಲ್ಲಿದ್ದದ್ದು 128 ಕಿಲೋಬೈಟ್ ಸ್ಮರಣೆ, 16 ಮೆಗಾಹರ್ಟ್ಸ್ ವೇಗ, ಎರಡು ಪುಟ್ಟ ಬ್ಯಾಟರಿ. ಅದರೊಳಗಿನ ಚಿಪ್ ಮಾತ್ರ 68000ದ ಕುಲದ್ದೇ. ಲ್ಯಾಂಗ್ ಪಾಲಿಗೆ ಅದು ಹಳೆಯ ನೆಂಟ.

ಇಂತಹ ವಲಸೆ ಬರಿಯ ನಕಲಲ್ಲ. ಚದುರಂಗದ ಒಂದು ಸ್ಥಿತಿಯಲ್ಲಿ ಸರಾಸರಿ 35 ನಡೆಗಳು ಸಾಧ್ಯವೆಂದರೆ, ಎರಡು ನಡೆ ಮುಂದೆ ನೋಡಲು ಸಾವಿರದ ಇನ್ನೂರಕ್ಕೂ ಹೆಚ್ಚು, ನಾಲ್ಕಕ್ಕೆ 15 ಲಕ್ಷ ಸ್ಥಿತಿಗಳಾಗುತ್ತವೆ. ದೊಡ್ಡ ಗಣಕ ಒಮ್ಮೆ ಲೆಕ್ಕ ಹಾಕಿದ ಸ್ಥಿತಿಗಳನ್ನು ಸ್ಮರಣೆಯಲ್ಲಿ ರಾಶಿ ಹಾಕಿಕೊಳ್ಳುತ್ತದೆ. ಅಂಗೈ ಗಣಕದಲ್ಲಿ ಆ ಕಣಜಕ್ಕೆ ಜಾಗವಿಲ್ಲ. ಪಾಮ್‌ನಲ್ಲಿ ಒಂದು ದಾಖಲೆ 64 ಕಿಲೋಬೈಟ್ ಮೀರುವಂತಿರಲಿಲ್ಲ. ಆರಂಭದ ನಡೆಗಳ ದೊಡ್ಡ ಪುಸ್ತಕವಾದರೆ ಅದನ್ನು ತುಂಡರಿಸಲೇಬೇಕು. ಅಂತ್ಯದಾಟದ ಕೋಷ್ಟಕಗಳನ್ನು ಊರಲ್ಲೇ ಬಿಟ್ಟು ಬರಬೇಕು. ಮನೆ ಬದಲಿಸುತ್ತಲೇ ಬಂದಿರುವ ನನ್ನಂಥ ವರ್ಗಾವಣೆಯ ನೌಕರನಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಏನನ್ನು ನೋಡಬೇಕು ಎನ್ನುವುದಕ್ಕಿಂತ ಏನನ್ನು ನೋಡದೆ ಬಿಡಬಹುದು ಎಂಬ ವಿವೇಕವೇ ಅಲ್ಲಿ ಬಂಡವಾಳ. ಪಾಕೆಟ್ ಫ್ರಿಟ್ಜ್ 4ರ ಒಡಲಲ್ಲಿದ್ದ ‘ಹಿಯಾರ್ಕ್ಸ್’ ಕೂಡ ಇದೇ ಪಂಥದ್ದು. ಅದರ ಕರ್ತೃ ಮಾರ್ಕ್ ಯೂನಿಯಾಕೆ 1980ರ ಸುಮಾರಿನಿಂದಲೇ ವೇಗಕ್ಕಿಂತ ಚದುರಂಗದ ತಿಳಿವಳಿಕೆಯನ್ನು ಅದಕ್ಕೆ ಉಣಿಸುತ್ತ ಬಂದಿದ್ದರು.

ಯಂತ್ರ ಚಿಕ್ಕದಾದಂತೆ ಇನ್ನೊಂದು ಬಾಗಿಲೂ ತೆರೆಯಿತು. 2006ರ ಡಿಸೆಂಬರ್‌ನಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬನ ಟೋಪಿಯೊಳಗೆ ಬ್ಲೂಟೂತ್ ಸಾಧನ ಸಿಕ್ಕಿತು. ಅಖಿಲ ಭಾರತ ಚೆಸ್ ಫೆಡರೇಷನ್ ಅವನನ್ನು ಹತ್ತು ವರ್ಷ ನಿಷೇಧಿಸಿತು. ಹೊರಗಿನವರ ಸಹಾಯ ಅವನಿಗೆ ಬೇಕಾಗಿತ್ತು. ಕಿಸೆಯ ಫೋನೇ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ಅದೂ ಬೇಕಿಲ್ಲ.

ಕಳೆದ ಚಳಿಗಾಲ ಮಗಳನ್ನು ಶಾಲಾ ಮಕ್ಕಳ ಪಂದ್ಯಾವಳಿಗೆ ಕರೆದೊಯ್ದಿದ್ದೆ. ಬಾಗಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಪೋಷಕರೆಲ್ಲ ಸಾಲಾಗಿ ನಿಂತು ಫೋನುಗಳನ್ನು ಅದರಲ್ಲಿ ಇಟ್ಟೆವು. ಒಂಬತ್ತು ವರ್ಷದ ಮಗಳು ತನ್ನ ಕೋಟಿನ ಎರಡೂ ಜೇಬುಗಳನ್ನು ಹೊರಮಗುಚಿ ತೋರಿಸಿ ಒಳಗೆ ಹೋದಳು. ಒಂದರಲ್ಲಿ ಕಡಲೆಮಿಠಾಯಿಯ ಕಾಗದವಿತ್ತು.